ಮೂರು ಕೈಯ ಆಮ್ಲ

ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್, ಕರಗಿಸಿದ ನೀರಿಗೆ ಮಾಚಿಕಾಯಿ ರಸ ಬೆರೆಸಿದರೆ ಹಳೆಯ ಕಾಲದ ಶಾಯಿ ಸಿಗುತ್ತದೆ. ಒಮ್ಮೆ ಮಾಡಿ ನೋಡಿದೆ. ಲೇಖನಿ ಅದ್ದಿ ಗೆರೆ ಎಳೆದರೆ ಬೂದಿ ಕದಡಿದ ನೀರಿನ ಬಣ್ಣ, ಅಷ್ಟೇ. ಛೆ, ಕೆಟ್ಟುಹೋಯ್ತು ಅಂದುಕೊಂಡು ಪಕ್ಕಕ್ಕಿಟ್ಟೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಅದೇ ಗೆರೆ ತಾನಾಗಿ ಕಪ್ಪಾಗುತ್ತಿತ್ತು. ಮಾರನೆಯ ದಿನ ಒದ್ದೆ ಬೆರಳಲ್ಲಿ ಉಜ್ಜಿದರೂ ಹೋಗಲಿಲ್ಲ.

ಮಾಚಿಕಾಯಿ ಹೆಸರಿಗಷ್ಟೇ ಕಾಯಿ. ಓಕ್ ಮರದ ಎಳೆ ಚಿಗುರಿನಲ್ಲಿ ಪುಟ್ಟ ಕಣಜವೊಂದು ಮೊಟ್ಟೆ ಇಟ್ಟಾಗ ಮರ ಅದರ ಸುತ್ತ ಬೆಳೆಸುವ ಗಂಟು ಅದು. ಒಡೆದರೆ ಒಳಗೆ ಹುಳು ಇರುತ್ತದೆ, ಇಲ್ಲವೇ ಅದು ಕೊರೆದುಕೊಂಡು ಹೋದ ತೂತು. ಗಂಟಿನ ತುಂಬ ಬಾಯಿ ಒಗರಾಗಿಸುವ ಟ್ಯಾನಿನ್. ನೆನೆಹಾಕಿ ಬೂಷ್ಟು ಹಿಡಿಯಲು ಬಿಟ್ಟರೆ ಟ್ಯಾನಿನ್ ಒಡೆದು ಗ್ಯಾಲಿಕ್ ಆಮ್ಲ ಹೊರಬರುತ್ತದೆ. 1786ರಲ್ಲಿ ಸ್ವೀಡನ್ನಿನ ರಸಾಯನವಿಜ್ಞಾನಿ ಶೀಲೆ ಇದನ್ನು ಹರಳಾಗಿ ಬೇರ್ಪಡಿಸಿದ.

ಈಗ ಈ ಆಮ್ಲದ ಹೆಸರು ಕೇಳಿದರೆ ಸಾಕು, 'ಆ್ಯಂಟಿಆಕ್ಸಿಡೆಂಟ್, ಗಿಡದಿಂದ ಬಂದದ್ದು, ಹಾಗಾಗಿ ಒಳ್ಳೇದು' ಅನ್ನುವ ಮಾತು ಹಿಂದೆಯೇ ಬರುತ್ತದೆ. ನನಗೆ ಕಿರಿಕಿರಿ ಆಗುವುದು ಇಲ್ಲೇ. ಅಣುವಿಗೆ ಒಳ್ಳೇತನ ಎಲ್ಲಿಂದ ಬಂತು? ಅದಕ್ಕಿರುವುದು ಮೂರು ಕೈ.

ಆರು ಇಂಗಾಲದ ಉಂಗುರ. ಅದರಲ್ಲಿ ಅಕ್ಕಪಕ್ಕದಲ್ಲೇ ಮೂರು ಹೈಡ್ರಾಕ್ಸಿಲ್ ಗುಂಪುಗಳು, ಅಂದರೆ ಆಮ್ಲಜನಕ-ಹೈಡ್ರೋಜನ್ ಜೋಡಿಗಳು. ಇವೇ ಆ ಮೂರು ಕೈ. ಇವುಗಳಿಗೆ ಎರಡು ಚಾಳಿ: ಎಲೆಕ್ಟ್ರಾನು ಕೊಟ್ಟುಬಿಡುವುದು, ಕಬ್ಬಿಣ ಸಿಕ್ಕರೆ ಹಿಡಿದುಕೊಳ್ಳುವುದು. ಅನ್ನಭೇದಿಯಲ್ಲಿರುವ ಕಬ್ಬಿಣ ಎರಡು ಎಲೆಕ್ಟ್ರಾನು ಕಳೆದುಕೊಂಡದ್ದು. ಆಗ ಶಾಯಿಗೆ ಬಣ್ಣ ಬಹಳ ಕಡಿಮೆ. ಕಾಗದದ ಮೇಲೆ ಗಾಳಿಯ ಆಮ್ಲಜನಕ ಮೂರನೆಯದನ್ನೂ ಕಿತ್ತುಕೊಂಡಾಗ ಕೈಗಳ ಹಿಡಿತ ಬಿಗಿಯಾಗುತ್ತದೆ. ಆ ಜೋಡಿಯಲ್ಲಿ ಎಲೆಕ್ಟ್ರಾನು ಅಣುವಿನ ಕಡೆಯಿಂದ ಕಬ್ಬಿಣದ ಕಡೆಗೆ ಜಿಗಿಯಲು ಬೆಳಕನ್ನು ನುಂಗುತ್ತದೆ. ನುಂಗಿದ ಬೆಳಕು ಕಣ್ಣಿಗೆ ಬರುವುದಿಲ್ಲ. ಅದಕ್ಕೇ ನಮಗೆ ನೀಲಿಗಪ್ಪು ಕಾಣುವುದು. ಒಗರು ಕಾಯಿ ಹೆಚ್ಚಿದ ಕಬ್ಬಿಣದ ಚಾಕು ಕಪ್ಪಾಗುವುದೂ ಇದೇ ಬಗೆಯಲ್ಲಿ.

ರೋಮಿನ ಲೇಖಕ ಪ್ಲಿನಿಗೆ ಎಲೆಕ್ಟ್ರಾನು ಗೊತ್ತಿರಲಿಲ್ಲ, ಆದರೆ ಈ ಕಪ್ಪು ಗೊತ್ತಿತ್ತು. ಆಗ ತಾಮ್ರದ ಕಿಲುಬಿಗೆ ಅಗ್ಗದ ಅನ್ನಭೇದಿ ಕಲಬೆರಕೆ ಮಾಡುತ್ತಿದ್ದರು. ಮಾಚಿಕಾಯಿ ರಸದಲ್ಲಿ ನೆನೆಸಿದ ಪಪೈರಸ್ ತುಂಡಿಗೆ ಮಾಲನ್ನು ತಾಗಿಸಿ, ಕಪ್ಪಾದರೆ ಮೋಸ ಎಂದು ಆತ ಬರೆದಿಟ್ಟ. ಆತ ಸತ್ತದ್ದು ಕ್ರಿ.ಶ. 79ರಲ್ಲಿ. 1840ರಲ್ಲಿ, ಫೋಟೋ ತೆಗೆಯುವ ಕಲೆ ಆಗಷ್ಟೇ ಹುಟ್ಟುತ್ತಿದ್ದಾಗ, ಇಂಗ್ಲೆಂಡಿನ ಟಾಲ್ಬಟ್ ಇದೇ ಆಮ್ಲವನ್ನು ಬೆಳ್ಳಿಯ ಲವಣ ಸವರಿದ ಕಾಗದದ ಮೇಲೆ ಪ್ರಯೋಗಿಸಿದ. ಬೆಳಕು ಬಿದ್ದರೂ ಕಣ್ಣಿಗೆ ಕಾಣದೆ ಅಡಗಿದ್ದ ಚಿತ್ರ ಕಾಗದದ ಮೇಲೆ ಮೂಡಿಬಂತು.

ಇನ್ನು ಆ್ಯಂಟಿಆಕ್ಸಿಡೆಂಟ್ ಅನ್ನುವ ಮಾತು. ಎಣ್ಣೆ ಕಮಟು ಹಿಡಿಯುವುದು ಒಂದು ಸರಪಳಿ ಕೆಲಸ. ಎಲೆಕ್ಟ್ರಾನಿನ ಜೋಡಿ ತಪ್ಪಿದ ಅಣು ಪಕ್ಕದ್ದರಿಂದ ಕಿತ್ತುಕೊಳ್ಳುತ್ತದೆ, ಆ ಪಕ್ಕದ್ದು ಮತ್ತೊಂದರಿಂದ. ಗಾಳಿಸುದ್ದಿ ಬಾಯಿಂದ ಬಾಯಿಗೆ ಹೋದ ಹಾಗೆ. ಅಥವಾ ಕೆಂಡವನ್ನು ಕೈಯಿಂದ ಕೈಗೆ ಎಸೆದ ಹಾಗೆ, ಹಿಡಿದವನು ಸುಮ್ನೆ ಇರಲಾರ. ಕೆಂಡದ ಹೋಲಿಕೆಯೇ ವಾಸಿ. ಗ್ಯಾಲಿಕ್ ಆಮ್ಲ ತನ್ನ ಒಂದು ಹೈಡ್ರೋಜನ್ ಕೊಟ್ಟು ಕೆಂಡವನ್ನು ತಾನೇ ಇಟ್ಟುಕೊಳ್ಳುತ್ತದೆ. ಆ ಬಿಸಿ ಇಡೀ ಉಂಗುರಕ್ಕೆ ಹರಡಿ ತಣ್ಣಗಾಗುವುದರಿಂದ ಮುಂದಕ್ಕೆ ಎಸೆಯುವ ಅವಸರ ಇಲ್ಲ. ಆದರೆ ಆಮ್ಲ ಎಣ್ಣೆಯಲ್ಲಿ ಸರಿಯಾಗಿ ಕರಗದು. ಹಾಗಾಗಿ ಅದಕ್ಕೆ ಪ್ರೊಪೈಲ್ ಎಂಬ, ಎಣ್ಣೆಗೆ ಒಗ್ಗುವ ಬಾಲ ಅಂಟಿಸುತ್ತಾರೆ. ಪೊಟ್ಟಣಗಳ ಮೇಲೆ ಇ310 ಅಂತ ಕಾಣುವುದು ಇದೇ. ತುಟಿಗೆ ಹಚ್ಚುವ ಮುಲಾಮುಗಳಲ್ಲೂ ಇರುತ್ತದೆ. ಅಪರೂಪಕ್ಕೆ ಕೆಲವರಿಗೆ ಅಲರ್ಜಿ ಆಗುವುದುಂಟು.

ಕೊಡುಗೈ ಇದ್ದವರು ಯಾರಿಗೆ ಕೊಡಬೇಕು ಅಂತ ನೋಡುವುದಿಲ್ಲ, ಅಲ್ವಾ? ಸುತ್ತ ಆಮ್ಲಜನಕ ಇದ್ದು, ಜೊತೆಗೆ ತಾಮ್ರವೋ ಕಬ್ಬಿಣವೋ ಇದ್ದರೆ, ಗ್ಯಾಲಿಕ್ ಆಮ್ಲ ಆಮ್ಲಜನಕಕ್ಕೇ ಎಲೆಕ್ಟ್ರಾನು ಕೊಟ್ಟು ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ. ಕಾಪಾಡುವ ಆಮ್ಲವೇ ಸುಡುವುದಕ್ಕೆ ಕಾರಣವಾಗುತ್ತದೆ. ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶ ಕೊಂದಿತು ಎಂಬ ಸುದ್ದಿ ಓದಿದಾಗ ಇದನ್ನು ನೆನಪಿಡಿ. ಅಲ್ಲಿ ಕೊಂದದ್ದು ಎಷ್ಟೋ ಸಲ ದ್ರಾವಣದಲ್ಲಿ ಹುಟ್ಟಿದ ಪೆರಾಕ್ಸೈಡ್. ನಮ್ಮ ಮೈಯಲ್ಲಿ ಕತೆ ಬೇರೆ. ಚಹಾದಲ್ಲೂ ಈ ಆಮ್ಲ ಇದೆ, ಆದರೆ ಕುಡಿದಾಗ ರಕ್ತದಲ್ಲಿ ಅದರ ಸಾಂದ್ರತೆ ಬಹಳ ಕಡಿಮೆ. ಅದರಲ್ಲೂ ಬಹುಪಾಲನ್ನು ದೇಹ ನಡುವಿನ ಕೈಗೆ ಮೀಥೈಲ್ ಗುಂಪು ಕಟ್ಟಿ ಮೂತ್ರದಲ್ಲಿ ಹೊರಹಾಕುತ್ತದೆ.

ಊಟ, ಚಹಾಗಳಲ್ಲಿ ಸಿಗುವಷ್ಟರಿಂದ ಭಯವಿಲ್ಲ. ಶುದ್ಧ ಪುಡಿ ಮಾತ್ರ ಕಣ್ಣು, ಮೂಗು, ಚರ್ಮ ಉರಿಸುತ್ತದೆ, ಎಚ್ಚರ ಬೇಕು. ರಕ್ತಹೀನತೆಗೆ ಕಬ್ಬಿಣದ ಮಾತ್ರೆ ತಗೊಳ್ಳುವವರು ಅದನ್ನು ಚಹಾ ಜೊತೆ ನುಂಗಬಾರದು. ಶಾಯಿಯಲ್ಲಿ ಆದದ್ದೇ ಹೊಟ್ಟೆಯಲ್ಲೂ ಆಗುತ್ತದೆ. ಹಿಡಿದ ಕಬ್ಬಿಣವನ್ನು ಕೈಗಳು ಬಿಡುವುದಿಲ್ಲ, ಕರುಳಿಗೆ ಅದು ದಕ್ಕುವುದಿಲ್ಲ. ಒಂದೆರಡು ಗಂಟೆ ಅಂತರ ಇರಲಿ. ಸಿ ಜೀವಸತ್ವ ಈ ಅಡ್ಡಿಯನ್ನು ಸಾಕಷ್ಟು ತಗ್ಗಿಸುತ್ತದೆ.

ಇನ್ನು ಹಳೆಯ ಹಸ್ತಪ್ರತಿಗಳು. ಅನ್ನಭೇದಿ ಜಾಸ್ತಿಯಾದ ಶಾಯಿಯಲ್ಲಿ ಯಾವ ಕೈಗೂ ಸಿಗದ ಕಬ್ಬಿಣ ಉಳಿದುಬಿಡುತ್ತದೆ. ಅದೂ, ಶಾಯಿಯಲ್ಲಿರುವ ಗಂಧಕಾಮ್ಲವೂ ಸೇರಿ ಕಾಗದದ ನಾರನ್ನು ತಿನ್ನುತ್ತವೆ. ಬಾಖ್ ಕೈಯಾರೆ ಬರೆದ ಸಂಗೀತದ ಹಾಳೆಗಳೂ ಹೀಗೆ ಹಾಳಾಗಿವೆ. ಕೆಲವು ಹಳೆಯ ಹಾಳೆಗಳಲ್ಲಿ ಅಕ್ಷರ ಇದ್ದ ಜಾಗದಲ್ಲಿ ಅದೇ ಆಕಾರದ ತೂತು ಇದೆ. ಇಂಥ ಹಾಳೆ ಕೈಗೆ ಬಂದಾಗ ಸಂರಕ್ಷಕರು ರಾಸಾಯನಿಕ ಸವರಿದ ಸಣ್ಣ ಪಟ್ಟಿಯೊಂದನ್ನು ಒದ್ದೆ ಮಾಡಿ ಅಕ್ಷರದ ಮೇಲೆ ಒತ್ತುತ್ತಾರೆ. ಪ್ಲಿನಿಯ ಪಪೈರಸ್ ಕಪ್ಪಾಗುತ್ತಿತ್ತು. ಈ ಪಟ್ಟಿ ಗುಲಾಬಿಯಾದರೆ ಬಿಡಿ ಕಬ್ಬಿಣ ಇನ್ನೂ ಅಲ್ಲೇ ಇದೆ ಎಂದರ್ಥ.