ಹತ್ತು ತಾಸು ಕೂರಲು ಎಂಥ ಜೀನ್ಸ್?

ಪ್ರಶ್ನೆ: ಡಿಸೆಂಬರ್ ಕೊನೆಗೆ ನಾನೂ ನಮ್ಮ ಯಜಮಾನರೂ ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ, ಮಗಳ ಮನೆಗೆ ಹೊರಟಿದ್ದೇವೆ. "ಸೀರೆ ಬೇಡಮ್ಮ, ಜೀನ್ಸ್ ಹಾಕ್ಕೊಂಡು ಬಾ, ಓಡಾಡೋಕೆ ಸುಲಭ" ಅಂತಾಳೆ ಅವಳು. "ಅಷ್ಟು ಹೊತ್ತು ಜೀನ್ಸಲ್ಲಿ ಕೂತರೆ ಹೊಟ್ಟೆ ಹಿಡ್ಕೊಳ್ಳುತ್ತೆ, ಕಾಲು ಬಾತ್ಕೊಳ್ಳುತ್ತೆ" ಅಂತಾರೆ ಪಕ್ಕದ ಮನೆಯವರು. ಯಾರ ಮಾತು ಕೇಳಲಿ? ತಗೊಳ್ಳೋದಾದರೆ ಎಂಥದ್ದು ತಗೊಳ್ಳಲಿ?

ಉತ್ತರ: ಊರು, ವಯಸ್ಸು ಬದಲಾದರೂ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಪಕ್ಕದ ಮನೆಯವರು ಹೇಳುತ್ತಿರುವುದು ಬಿಗಿ ಜೀನ್ಸಿನ ಕಥೆ, ಮಗಳು ಹೇಳುತ್ತಿರುವುದು ಹದವಾದ ಜೀನ್ಸಿನ ಕಥೆ. ಇಬ್ಬರದೂ ನಿಜವೇ. ಎಡವಟ್ಟಾಗುವುದು ಅಂಗಡಿಯಲ್ಲಿ. ಟ್ರಯಲ್ ರೂಮಿನೊಳಗೆ ನಾವು ಕನ್ನಡಿ ಮುಂದೆ ನಿಲ್ಲುತ್ತೇವೆ, ಹೊಟ್ಟೆ ಒಳಗೆಳೆದು ಗುಂಡಿ ಹಾಕುತ್ತೇವೆ, ಹಿಂದೆ ಮುಂದೆ ತಿರುಗಿ ನೋಡಿಕೊಂಡು ಹೊರಬರುತ್ತೇವೆ. ಸೊಂಟ ಸ್ವಲ್ಪ ಹಿಡಿದಂತಿದೆ ಅಂದರೆ "ಹಾಕ್ತಾ ಹಾಕ್ತಾ ಲೂಸಾಗುತ್ತೆ ಮೇಡಂ" ಎಂಬ ಮಾತು ಅಂಗಡಿಯವರ ಬಾಯಲ್ಲಿ ಸಿದ್ಧವಾಗಿಯೇ ಇರುತ್ತದೆ. ವಿಮಾನದಲ್ಲಿ ಯಾರೂ ನಿಂತು ಹೋಗುವುದಿಲ್ಲವಲ್ಲ. ಹಾಗಾಗಿ ಜೀನ್ಸನ್ನು ಕೂತೇ ಆರಿಸಬೇಕು.

ಟ್ರಯಲ್ ರೂಮಿನಲ್ಲಿ ಸ್ಟೂಲ್ ಇದ್ದರೆ ಅದರ ಮೇಲೆ, ಇಲ್ಲದಿದ್ದರೆ ಹೊರಗೆ ಶೂ ಹಾಕಿ ನೋಡಲು ಇಟ್ಟ ಬೆಂಚಿನ ಮೇಲೆ ಐದು ನಿಮಿಷ ಕೂರಿ. ಸಂಕೋಚ ಬೇಡ. ಹೊಟ್ಟೆ ಒಳಗೆಳೆಯದೆ, ಬೆನ್ನು ಸ್ವಲ್ಪ ಬಾಗಿಸಿ, ಮನೆಯ ಸೋಫಾದಲ್ಲಿ ಕೂತಂತೆ ಕೂರಿ. ಗುಂಡಿಯ ಹಿಂದೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಆಮೇಲೆ ಬಗ್ಗಿ ಶೂ ಲೇಸು ಕಟ್ಟಿದಂತೆ ಮಾಡಿ. ಹಿಂದೆ ಸೊಂಟದ ಪಟ್ಟಿ ಬೆನ್ನು ಬಿಟ್ಟು ಬಾಯ್ತೆರೆದರೆ, ಅಥವಾ ಕೆಳಗೆ ಜಾರಿದರೆ, ಆ ಜೀನ್ಸ್ ನಿಮ್ಮ ಮೈಕಟ್ಟಿಗೆ ಹೊಂದಲಿಲ್ಲ ಎಂದೇ ಅರ್ಥ. ಸೈಜ್ ಬದಲಿಸಿದರೆ ಅದು ಸರಿಹೋಗುವುದು ಅಪರೂಪ, ಬೇರೆ ಮಾದರಿಯನ್ನೇ ನೋಡಿ.

ಸೊಂಟದ ಮೇಲೆ ಇಷ್ಟು ಒತ್ತು ಕೊಡಲು ಕಾರಣವಿದೆ. ವಿಮಾನ 35,000 ಅಡಿ ಎತ್ತರದಲ್ಲಿ ಹಾರುತ್ತಿದ್ದರೂ ಒಳಗಿನ ಗಾಳಿಯ ಒತ್ತಡವನ್ನು ಸುಮಾರು 6,000ದಿಂದ 8,000 ಅಡಿ ಎತ್ತರದ ಊರಿನಷ್ಟಕ್ಕೆ ಇಟ್ಟಿರುತ್ತಾರೆ. ಅಂದರೆ ನೀವು ಹತ್ತು ತಾಸು ಹೆಚ್ಚುಕಮ್ಮಿ ಊಟಿಯಲ್ಲಿ ಕೂತಿದ್ದೀರಿ. ಹೊರಗಿನ ಒತ್ತಡ ಇಳಿದಾಗ ಹೊಟ್ಟೆ, ಕರುಳಿನಲ್ಲಿರುವ ಗಾಳಿ ಹಿಗ್ಗುತ್ತದೆ. 8,000 ಅಡಿಯ ಲೆಕ್ಕ ಹಿಡಿದರೆ ಸಮುದ್ರಮಟ್ಟದ ಊರಿನಿಂದ ಹೊರಟವರಿಗೆ ಅದು ಸುಮಾರು ಮೂರನೇ ಒಂದು ಪಾಲು ಹೆಚ್ಚುತ್ತದೆ. ಬೆಂಗಳೂರು ಮೊದಲೇ 3,000 ಅಡಿ ಮೇಲಿರುವುದರಿಂದ ನಿಮಗೆ ಹೆಚ್ಚುವುದು ಸುಮಾರು ಐದನೇ ಒಂದು ಪಾಲು. ಮಂಗಳೂರಿನಿಂದ ಹತ್ತಿದವರಿಗಿಂತ ಅಷ್ಟರಮಟ್ಟಿಗೆ ನೀವು ಪುಣ್ಯವಂತರು! ಹೊಸ ಮಾದರಿಯ ಬೋಯಿಂಗ್ 787, ಏರ್‌ಬಸ್ ಎ350 ವಿಮಾನಗಳಲ್ಲಿ ಒಳಗಿನ ಎತ್ತರ ಸುಮಾರು 6,000 ಅಡಿ ದಾಟದಂತೆ ನೋಡಿಕೊಳ್ಳುತ್ತಾರೆ, ಅಲ್ಲಿ ಉಬ್ಬರ ಇನ್ನೂ ಕಡಿಮೆ. ಆದರೂ ಹತ್ತಿ ಕೂತ ಮೇಲೆ ಒಂದು ಊಟ, ನಡುವೆ ಸೋಡಾ ಬೆರೆಸಿದ ಪಾನೀಯ, ಸರಿಯಾಗಿ ಬಾರದ ನಿದ್ದೆ. ಮನೆಯಲ್ಲಿ ಬೆಳಗ್ಗೆ ಸರಿಯಾಗಿದ್ದ ಸೊಂಟ ನಡುದಾರಿಯಲ್ಲಿ ಬಿಗಿಯಾಗದೆ ಇನ್ನೇನು?

ಸೀಟ್ ಬೆಲ್ಟನ್ನೂ ಮರೆಯಬೇಡಿ. ಅದರ ಲೋಹದ ಬಕಲ್ ಬಂದು ಕೂರುವುದು ಬಹುಪಾಲು ಜೀನ್ಸಿನ ಗುಂಡಿ ಇರುವಲ್ಲಿಗೇ. ಕೆಳಗೆ ಗುಂಡಿ, ಅದರ ಮೇಲೆ ಸೊಂಟದ ಬೆಲ್ಟಿನ ಬಕಲ್, ಅದರ ಮೇಲೆ ವಿಮಾನದ ಬಕಲ್. ನಿದ್ದೆಯಲ್ಲಿ ಸ್ವಲ್ಪ ಮುಂದಕ್ಕೆ ಜಾರಿದರೆ ಮೂರೂ ಸೇರಿ ಹೊಟ್ಟೆಗೆ ಒತ್ತುತ್ತವೆ. ಚಪ್ಪಟೆ ಗುಂಡಿಯಿರುವ, ಬೆಲ್ಟಿಲ್ಲದೆ ಸೊಂಟದಲ್ಲಿ ನಿಲ್ಲುವ ಜೀನ್ಸ್ ಆರಿಸಿದರೆ ಈ ಕಾಟ ಅರ್ಧ ಕಡಿಮೆಯಾಗುತ್ತದೆ. ಭದ್ರತಾ ತಪಾಸಣೆಯಲ್ಲಿ ಬೆಲ್ಟ್ ಬಿಚ್ಚಿ ಟ್ರೇಗೆ ಹಾಕಿ ಎನ್ನುತ್ತಾರಲ್ಲ, ಆಗ ಒಂದು ಕೈಯಲ್ಲಿ ಪ್ಯಾಂಟು ಹಿಡಿದು ಇನ್ನೊಂದು ಕೈಯಲ್ಲಿ ಟ್ರೇ ತಳ್ಳುವ ಗಂಡಸರನ್ನು ನೋಡಿಯೇ ಇರುತ್ತೀರಿ. ಯಜಮಾನರಿಗೂ ಇದನ್ನು ಹೇಳಿ.

ಬಿಗಿ ಸೊಂಟದ ಇನ್ನೊಂದು ತೊಂದರೆ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ತೊಡೆಯ ಹೊರಬದಿಯ ಚರ್ಮಕ್ಕೆ ಹೋಗುವ ನರ ಸೊಂಟದ ಮೂಳೆಯ ಪಕ್ಕದಲ್ಲಿ, ತೊಡೆಸಂದಿನ ಮೂಲಕ ಹಾದು ಬರುತ್ತದೆ. ಪಟ್ಟಿಯೋ ಬೆಲ್ಟೋ ಅಲ್ಲಿ ಗಂಟೆಗಟ್ಟಲೆ ಅದುಮಿದರೆ ತೊಡೆಯ ಹೊರಬದಿ ಜೋಮು ಹಿಡಿಯುತ್ತದೆ, ಉರಿಯುತ್ತದೆ. ವೈದ್ಯರು ಇದನ್ನು ಮೆರಾಲ್ಜಿಯಾ ಪ್ಯಾರೆಸ್ತೆಟಿಕಾ ಎನ್ನುತ್ತಾರೆ. ಬಟ್ಟೆ ಸಡಿಲಿಸಿದರೆ ಸಾಮಾನ್ಯವಾಗಿ ತಾನೇ ಸರಿಹೋಗುತ್ತದೆ. 2015ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್‌ನ ವೈದ್ಯರು ವರದಿ ಮಾಡಿದ ಒಂದು ಪ್ರಕರಣ ಇದಕ್ಕಿಂತ ಗಂಭೀರ. ಮೈಗಂಟುವ ಜೀನ್ಸ್ ಹಾಕಿಕೊಂಡು ಗಂಟೆಗಟ್ಟಲೆ ಕುಕ್ಕರುಗಾಲಲ್ಲಿ ಕೂತು ಕಪಾಟು ಖಾಲಿ ಮಾಡಿದ ಮಹಿಳೆಯ ಮೀನಖಂಡ ಊದಿ, ಆಸ್ಪತ್ರೆಯಲ್ಲಿ ಜೀನ್ಸನ್ನು ಕತ್ತರಿಸಿಯೇ ತೆಗೆಯಬೇಕಾಯಿತು. ಅದು ಕುಕ್ಕರುಗಾಲಿನ ಕಥೆ, ವಿಮಾನದ ಸೀಟಿನದಲ್ಲ. ಹೆದರಬೇಕಿಲ್ಲ. ಆದರೆ ಮೊಣಕಾಲು ಮಡಚಿದಾಗ ಬಟ್ಟೆ ಎಲ್ಲಿ ಬಿಗಿಯುತ್ತದೆ ಎಂಬುದನ್ನು ನೋಡಿಕೊಳ್ಳಲು ಅದು ಸಾಕಷ್ಟು ಕಾರಣ.

ಕಾಲು ಬಾತುಕೊಳ್ಳುವ ವಿಚಾರಕ್ಕೆ ಬರೋಣ. ಅದಕ್ಕೆ ಜೀನ್ಸನ್ನೇ ದೂರುವುದು ತಪ್ಪು. ಪಂಚೆ ಉಟ್ಟು ಕೂತರೂ ಪಾದ ಊದುತ್ತದೆ. ಕಾಲು ಆಡಿಸದೆ ಕೂತಾಗ ಮೀನಖಂಡದ ಸ್ನಾಯುಗಳು ರಕ್ತವನ್ನು ಮೇಲಕ್ಕೆ ತಳ್ಳುವ ಕೆಲಸ ನಿಲ್ಲಿಸುತ್ತವೆ. ನಾಲ್ಕು ತಾಸಿಗಿಂತ ಹೆಚ್ಚು ಹೊತ್ತು ಪ್ರಯಾಣ ಮಾಡಿದರೆ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತು. ಹಾಗೆಂದರೂ ಅದು ಸುಮಾರು 6,000 ಜನರಲ್ಲಿ ಒಬ್ಬರಿಗೆ ಆಗುವಂಥದ್ದು. ಜೀನ್ಸಿನ ಪಾತ್ರ ಇಷ್ಟೇ: ಬಿಗಿಯಿದ್ದರೆ ಎದ್ದು ಓಡಾಡಲು ಮನಸ್ಸೇ ಬರುವುದಿಲ್ಲ. ವೈದ್ಯರು ನಿಮಗೆ ಬಿಗಿ ಸಾಕ್ಸ್ ಬರೆದುಕೊಟ್ಟಿದ್ದರೆ, ಜೀನ್ಸಿನ ಕಾಲನ್ನು ಮೊಣಕಾಲಿನವರೆಗೆ ಸಲೀಸಾಗಿ ಮಡಚಿ ಏರಿಸಲು ಆಗುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿ. ಆಗದಿದ್ದರೆ ಅದು ಬೇಡ.

ಇನ್ನು ಬಟ್ಟೆ. ಡೆನಿಮ್ ದಪ್ಪವನ್ನು ಔನ್ಸಿನಲ್ಲಿ ಅಳೆಯುತ್ತಾರೆ, ಒಂದು ಚದರ ಗಜ ಬಟ್ಟೆಯ ತೂಕ ಅದು. 14 ಔನ್ಸಿನದು ಹೊಸದಿದ್ದಾಗ ತಗಡು. 9ರಿಂದ 11 ಔನ್ಸ್ ನಿಮಗೆ ಹದ. ಅಂಗಡಿಯ ಚೀಟಿಯಲ್ಲಿ ಇದು ಬರೆದಿರುವುದು ಕಡಿಮೆ, ಕೈಯೇ ಗತಿ. ತೊಡೆಯ ಭಾಗವನ್ನು ಮುಷ್ಟಿಯಲ್ಲಿ ಹಿಂಡಿ ಬಿಡಿ. ಮುದುಡಿ ಮೆತ್ತಗೆ ಬಿಚ್ಚಿಕೊಂಡರೆ ಸರಿ, ಮಡಿಕೆ ಹಾಗೇ ಸೆಟೆದು ನಿಂತರೆ ಅದೇ ಮಡಿಕೆ ಹತ್ತು ತಾಸು ನಿಮ್ಮ ಮೊಣಕಾಲಿನ ಹಿಂದೆ ಒತ್ತುತ್ತದೆ. ಒಳಗಿನ ಚೀಟಿಯಲ್ಲಿ ಶೇ. 98 ಹತ್ತಿ, ಶೇ. 2 ಎಲಾಸ್ಟೇನ್ ಎಂದಿದ್ದರೆ ಧಾರಾಳ. ಎಲಾಸ್ಟೇನ್, ಸ್ಪ್ಯಾಂಡೆಕ್ಸ್, ಲೈಕ್ರಾ ಎಲ್ಲ ಒಂದೇ, 1958ರಲ್ಲಿ ಡ್ಯುಪಾಂಟ್ ಕಂಪನಿಯಲ್ಲಿ ಜೋಸೆಫ್ ಶಿವರ್ಸ್ ಕಂಡುಹಿಡಿದ ನೂಲು. ಹೆಚ್ಚು ಎಳೆದಷ್ಟೂ ಆರಾಮ ಅಂದುಕೊಳ್ಳಬೇಡಿ. ಎಳೆದು ಬಿಟ್ಟಾಗ ಹಿಂದಕ್ಕೆ ಬರಬೇಕು. ಬಾರದಿದ್ದರೆ ಫ್ರಾಂಕ್‌ಫರ್ಟ್‌ನಲ್ಲಿ ಇಳಿಯುವಾಗ ಮೊಣಕಾಲಿನಲ್ಲಿ ಎರಡು ಚೀಲ ತೂಗುತ್ತಿರುತ್ತವೆ.

"ಹಾಗಾದರೆ ಲೆಗ್ಗಿಂಗ್ಸೇ ಹಾಕಿದರಾಯ್ತಲ್ಲ?" ಎಂದು ಕೇಳುವವರಿದ್ದಾರೆ. ಆರಾಮ ನಿಜ. ಆದರೆ ಬೆಂಕಿ ಅನಾಹುತದಲ್ಲಿ ನೈಲಾನ್, ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತವೆ. ಹತ್ತಿ ಉರಿಯಬಹುದು, ಕರಗುವುದಿಲ್ಲ. ಅಂಥ ದಿನ ಬರದೇ ಇರಲಿ, ಆದರೂ ನಾನು ಹತ್ತಿಯ ಪಕ್ಷ.

ಸೊಂಟ ಎಲ್ಲಿ ನಿಲ್ಲಬೇಕು? ಈಗ ಹೊಕ್ಕುಳ ಮೇಲಕ್ಕೇರುವ ಹೈ ವೇಸ್ಟ್ ಜೀನ್ಸಿಗೆ ಬೇಡಿಕೆ. ನಿಂತಾಗ ಚೆಂದ, ಕೂತಾಗ ಪಟ್ಟಿ ಪಕ್ಕೆಲುಬಿನ ಕೆಳಗೇ ಬಂದು ಕೂರುತ್ತದೆ. ಲೋ ವೇಸ್ಟ್ ಅಂತೂ ಬಗ್ಗಿದಾಗಲೆಲ್ಲ ಕುರ್ತಾ ಎಳೆದುಕೊಳ್ಳುವ ಶಿಕ್ಷೆ. ನಡುವಿನದು, ಹಿಂದುಗಡೆ ಪಟ್ಟಿಯೊಳಗೆ ಎಲಾಸ್ಟಿಕ್ ಇರುವಂಥದ್ದು ಸಿಕ್ಕರೆ ಬಿಡಬೇಡಿ. ಕಾಲು ನೇರ ಇರಲಿ. ಪಾದದ ಹತ್ತಿರ ಅಗಲ ಬಿಟ್ಟ ಜೀನ್ಸ್ ವಿಮಾನದ ಶೌಚಾಲಯದಲ್ಲಿ ಏನಾಗುತ್ತದೆ ಎಂದು ಒಮ್ಮೆ ಯೋಚಿಸಿ: ಮೊಣಕೈ ಚಾಚಲೂ ಜಾಗವಿಲ್ಲ, ನೆಲ ಒದ್ದೆ, ಜೀನ್ಸ್ ಇಳಿಸಿದೊಡನೆ ತುದಿ ಆ ಒದ್ದೆಯ ಮೇಲೆ. ಒಳಗೆ ಹೋಗುವ ಮೊದಲೇ ಎರಡು ಮಡಿಕೆ ಮೇಲಕ್ಕೆ ಮಡಚಿಕೊಳ್ಳಿ. ಜಿಪ್ಪಿನ ಜಾಗದಲ್ಲಿ ಸಾಲು ಗುಂಡಿಗಳಿರುವ ಮಾದರಿಯೂ ಅಲ್ಲಿ ತಾಪತ್ರಯವೇ.

ಜೇಬಿನ ವಿಚಾರ ಯಜಮಾನರಿಗೆ. ಹಿಂದಿನ ಜೇಬಿನ ಪರ್ಸನ್ನು ತೆಗೆದು ಕೈಚೀಲಕ್ಕೆ ಹಾಕಲಿ. ಒಂದು ಕಡೆ ಎತ್ತರಿಸಿ ಹತ್ತು ತಾಸು ಕೂತರೆ ಸೊಂಟ ಮಾತಾಡಿಸುತ್ತದೆ. ಜೀನ್ಸಿನ ಜೇಬಿನ ಮೂಲೆಗಳಿಗೆ ತಾಮ್ರದ ರಿವೆಟ್ ಹೊಡೆದ ಪೇಟೆಂಟನ್ನು ದರ್ಜಿ ಜೇಕಬ್ ಡೇವಿಸ್, ವ್ಯಾಪಾರಿ ಲೀವೈ ಸ್ಟ್ರಾಸ್ ಪಡೆದದ್ದು 1873ರ ಮೇ 20ರಂದು. ಹಿಂದಿನ ಜೇಬಿನ ರಿವೆಟ್‌ಗಳು ಕುರ್ಚಿಯನ್ನೂ ಕುದುರೆಯ ಜೀನನ್ನೂ ಗೀರುತ್ತವೆ ಎಂದು ದೂರು ಬಂದು ಮುಂದೆ ಅವನ್ನು ಕೈಬಿಟ್ಟರು. ಅಂದರೆ ಕೂರುವವರ ಗೋಳು ಕೇಳಿ ಜೀನ್ಸ್ ಆಗಲೇ ಬದಲಾಗಿದೆ. ಈಗ ಉಳಿದಿರುವ ರಿವೆಟ್‌ಗಳಿಂದ ತಪಾಸಣೆಯಲ್ಲಿ ಸಾಮಾನ್ಯವಾಗಿ ತೊಂದರೆಯಿಲ್ಲ. ಮಣಿ, ಸರಪಳಿ, ಲೋಹದ ಹೂವು ಹೊಲಿದದ್ದಾದರೆ ಕೈಯಿಂದ ತಡವಿ ನೋಡುವುದು ತಪ್ಪುವುದಿಲ್ಲ. ಫೋನನ್ನು ಜೇಬಿನ ಅಂಚಿನಲ್ಲಿ ಇಡಬೇಡಿ. ಜಾರಿ ಸೀಟಿನ ಸಂದಿಗೆ ಬಿದ್ದರೆ ಸೀಟನ್ನು ಹಿಂದೆಮುಂದೆ ಮಾಡದೆ ಗಗನಸಖಿಯರನ್ನು ಕರೆಯಿರಿ. ಸೀಟಿನ ಯಂತ್ರಕ್ಕೆ ಸಿಕ್ಕಿ ಬ್ಯಾಟರಿ ಜಜ್ಜಿದರೆ ಹೊಗೆ, ಬೆಂಕಿ ಎರಡೂ ಬರಬಹುದು.

ಬಣ್ಣ ಕಡುನೀಲಿ ಇರಲಿ, ಸಾರು ಚೆಲ್ಲಿದರೂ ಕಾಣುವುದಿಲ್ಲ. ಆದರೆ ಹೊಸದನ್ನು ಹಾಗೇ ಹಾಕಿಕೊಂಡು ಹೊರಡಬೇಡಿ. ಇಂಡಿಗೊ ಬಣ್ಣ ನೂಲಿನ ಮೇಲ್ಮೈಯಲ್ಲೇ ಹೆಚ್ಚು ಕೂತಿರುತ್ತದೆ, ತಿಕ್ಕಿದ ಕಡೆ ಅಂಟುತ್ತದೆ. ತಿಳಿ ಬಣ್ಣದ ಕೈಚೀಲ, ಬಿಳಿ ಶೂ ನೀಲಿಯಾಗುತ್ತವೆ. ಬಕೆಟ್ಟಿಗೆ ಉಪ್ಪು, ವಿನೆಗರ್ ಹಾಕಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅನ್ನುವುದು ಇಂಡಿಗೊ ಮಟ್ಟಿಗೆ ಬರೀ ನಂಬಿಕೆ. ಎರಡು ಮೂರು ಸಲ ಬೇರೆಯಾಗಿ ಒಗೆದು ಹೆಚ್ಚುವರಿ ಬಣ್ಣ ಹೋಗಲಿ ಬಿಡಿ.

ಚಳಿಗೆ ಜೀನ್ಸೊಂದೇ ಸಾಲದು, ಇದನ್ನು ಮಗಳೂ ಹೇಳಿರಲಿಕ್ಕಿಲ್ಲ. ಜರ್ಮನಿಯ ಡಿಸೆಂಬರಿಗೆ ಒಳಗೆ ಥರ್ಮಲ್ ಬೇಕು. ಹಿಮವೋ ಮಳೆಯೋ ಬಿದ್ದು ಡೆನಿಮ್ ನೆನೆದರೆ ಬೇಗ ಒಣಗದು, ಮೈಗೆ ತಣ್ಣಗೆ ಅಂಟಿಕೊಳ್ಳುತ್ತದೆ. ಆದ್ದರಿಂದ ಅಂಗಡಿಗೆ ಹೋಗುವಾಗ ಥರ್ಮಲ್ ಒಯ್ದು, ಅದರ ಮೇಲೆ ಜೀನ್ಸ್ ಹಾಕಿ ಕೂತು ನೋಡಿ. ವಿಮಾನದಲ್ಲಿ ಅದನ್ನು ಹಾಕಬೇಡಿ, ಸೆಕೆಯಾಗುತ್ತದೆ. ಕೈಚೀಲದಲ್ಲಿಟ್ಟು, ಇಳಿದ ಮೇಲೆ ವಿಮಾನ ನಿಲ್ದಾಣದ ಶೌಚಾಲಯದಲ್ಲಿ ಹಾಕಿಕೊಳ್ಳಿ.

"ಟ್ರಾವೆಲ್ ಜೀನ್ಸ್" ಎಂಬ ಚೀಟಿ ಹಚ್ಚಿ ದುಪ್ಪಟ್ಟು ಬೆಲೆಗೆ ಮಾರುವುದರಲ್ಲಿ ನನಗೆ ದೊಡ್ಡ ವಿಶೇಷ ಕಂಡಿಲ್ಲ. ನಮ್ಮ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆಯೇ ಎಷ್ಟೋ ಮನೆಗಳ ಕಸುಬು. ಅಲ್ಲಿಂದ ಬರುವ ಸಾಧಾರಣ ಬೆಲೆಯ ಜೀನ್ಸೂ ಮೇಲೆ ಹೇಳಿದ ಪರೀಕ್ಷೆಗಳಲ್ಲಿ ಪಾಸಾದರೆ ಸಾಕು. ಹೊಸದೇ ಬೇಕೆಂದೂ ಇಲ್ಲ. ಯಜಮಾನರ ಹಳೇ ಜೀನ್ಸ್ ತೊಡೆ, ಮೊಣಕಾಲಲ್ಲಿ ಸರಿಯಿದ್ದು ಸೊಂಟ ಮಾತ್ರ ಹಿಡಿಯುತ್ತಿದ್ದರೆ ಆಲ್ಟರೇಷನ್ ಅಂಗಡಿಗೆ ಕೊಡಿ. ಹಿಂದಿನ ಪಟ್ಟಿ ಬಿಚ್ಚಿ, ನಡುವೆ ಸ್ವಲ್ಪ ಬಟ್ಟೆ ಸೇರಿಸಿ, ಒಳಗೆ ಎಲಾಸ್ಟಿಕ್ ಹಾಕಿ ಹೊಲಿದುಕೊಡುತ್ತಾರೆ. ಮೇಲೆ ಶರ್ಟ್ ಬಿಟ್ಟರೆ ಯಾರಿಗೂ ಕಾಣದು. ನಿಮ್ಮ ಹೊಸ ಜೀನ್ಸಿನ ಉದ್ದ ಕತ್ತರಿಸುವುದಿದ್ದರೆ ಮೊದಲು ಒಗೆಯಿರಿ, ಹತ್ತಿ ಕುಗ್ಗುತ್ತದೆ. ಪ್ರಯಾಣಕ್ಕೆ ಹಾಕುವ ಶೂ ಹಾಕಿಕೊಂಡೇ ಅಳತೆ ಕೊಡಿ. ಮತ್ತೆ, ಹೊರಡುವ ವಾರ ಕೊಡಬೇಡಿ. "ನಾಳೆ ಬನ್ನಿ ಅಮ್ಮ" ಅನ್ನುವ ಟೈಲರಿಗೆ ನಿಮ್ಮ ವಿಮಾನದ ಟೈಮು ಗೊತ್ತಿರುವುದಿಲ್ಲ.