ಖಾಲಿ ಮನೆ ಕಲಿಸುವ ಗುರಿ

ಬಳ್ಳಾರಿಯ ನನ್ನ ಪರಿಚಿತರೊಬ್ಬರ ಮನೆಯಲ್ಲಿ ತಾತನ ಕಾಲದ ವೆಬ್ಲಿ ರಿವಾಲ್ವರ್ ಒಂದು ಲೈಸೆನ್ಸಿನ ಸಮೇತ ಉಳಿದುಬಂದಿದೆ. ಬ್ರಿಟಿಷ್ ಸೇನೆ 1915ರಲ್ಲಿ ಬಳಕೆಗೆ ತಂದ ಮಾರ್ಕ್ 6 ಮಾದರಿ ಅದು. ಅದಕ್ಕೆ ಹೊಂದುವ .455 ತೋಟಾಗಳು ಈಗ ದುರ್ಲಭವಾಗಿದ್ದು, ಅವರ ಬಳಿ ಇದ್ದದ್ದು 12 ಮಾತ್ರ. ಹೊಡೆದ ಗುಂಡುಗಳೆಲ್ಲ ಗುರಿಯ ಕೆಳಗೇ ಬೀಳುತ್ತಿದ್ದುದನ್ನು ಕಂಡ ಹಿರಿಯರು, ತಾತನ ಕೈಗುಣ ಮೊಮ್ಮಗನಿಗೆ ಬಂದಿಲ್ಲವೆಂದು ತೀರ್ಮಾನಿಸಿದರು. ಆಯುಧಪೂಜೆಯ ಕುಂಕುಮದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಕೈಗುಣವೆಂಬ ಮಾತು ಕಾರಣವನ್ನು ಹುಡುಕುವ ಬಾಗಿಲನ್ನೇ ಮುಚ್ಚಿಬಿಡುತ್ತದೆ ಎಂಬುದು ನನ್ನ ಚಿಂತೆ.

ಗುಂಡು ಹಾರಿದಾಗ ಕೈಗೆ ಬೀಳುವ ಒದೆತವೇ ಗುರಿಯನ್ನು ಕೆಡಿಸುತ್ತದೆಂದು ಬಹುತೇಕರು ನಂಬಿದ್ದಾರೆ. ಲೆಕ್ಕ ಹಾಕಿ ನೋಡೋಣ. ಗುಂಡಿನ ತೂಕ ಸುಮಾರು 17 ಗ್ರಾಂ, ರಿವಾಲ್ವರಿನದು ಒಂದು ಕಿಲೋಗ್ರಾಂಗಿಂತ ತುಸು ಹೆಚ್ಚು. ಸುಮಾರು 15 ಸೆಂ.ಮೀ. ಉದ್ದದ ನಳಿಗೆಯನ್ನು ಗುಂಡು ದಾಟುವ ಹೊತ್ತಿಗೆ ರಿವಾಲ್ವರ್ ಹಿಂದಕ್ಕೆ ಸರಿಯುವುದು ಎರಡು ಮಿಲಿಮೀಟರಿನಷ್ಟು ಮಾತ್ರ, ಅದೂ ಸುಮಾರು 2 ಮಿಲಿಸೆಕೆಂಡಿನಲ್ಲಿ. ಆ ಅವಧಿಯಲ್ಲಿ ಮೂತಿ ಕೊಂಚ ಮೇಲೇಳುವುದನ್ನು, ಗುರಿ ಹಿಡಿಯಲು ನೋಡುವ ಗುರಿಮೊನೆಯ ಎತ್ತರದಲ್ಲೇ ಸರಿದೂಗಿಸಿರುತ್ತಾರೆ. ನಾವು ಅಂಜುವ ಒದೆತದ ಬಹುಪಾಲು ಗುಂಡು ಹೊರಟುಹೋದ ಮೇಲಿನದು.

ಹಾಗಾದರೆ ಗುಂಡು ಕೆಳಗೇಕೆ ಬೀಳುತ್ತದೆ? ಸದ್ದಿಗೆ ಬೆಚ್ಚಿ ಪ್ರತಿಕ್ರಿಯಿಸಲು ಸ್ನಾಯುಗಳಿಗೆ ಹತ್ತಾರು ಮಿಲಿಸೆಕೆಂಡುಗಳಾದರೂ ಬೇಕು. ಅಷ್ಟರಲ್ಲಿ ಗುಂಡು ಗುರಿಹಲಗೆಯನ್ನು ಸಮೀಪಿಸಿರುತ್ತದೆ. ಎಂದರೆ ಕೈ ಬೆಚ್ಚುವುದು ಪೆಟ್ಟಿಗೆ ಉತ್ತರವಾಗಿ ಅಲ್ಲ, ಪೆಟ್ಟಿಗೆ ಮುಂಚೆ. ತುಂಬಿದೆಯೆಂದುಕೊಂಡು ಖಾಲಿ ಕೊಡವನ್ನು ಎತ್ತಿದವರಿಗೆ ಇದರ ಅನುಭವವಿದೆ: ಕೊಡ ಸರ್ರನೆ ಮೇಲೇರುತ್ತದೆ, ಏಕೆಂದರೆ ಮಿದುಳು ಭಾರವನ್ನು ಊಹಿಸಿ, ಬೇಕಾದ ಬಲವನ್ನು ಮೊದಲೇ ತೋಳಿಗೆ ಕಳಿಸಿರುತ್ತದೆ. ಕತ್ತಲಲ್ಲಿ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟು ಮುಗ್ಗರಿಸುವುದೂ, ಸೂಜಿ ತಾಗುವ ಮೊದಲೇ ತೋಳು ಬಿಗಿಯುವುದೂ ಇದೇ ಜಾತಿಯವು. ಇಂಥ ಮುನ್ನೂಹೆಯಲ್ಲಿ ಕಿರುಮಿದುಳಿನ ಪಾತ್ರ ದೊಡ್ಡದು. ಬರಲಿರುವ ಒದೆತವನ್ನು ತಡೆಯಲೆಂದು ಅದು ಮಣಿಕಟ್ಟನ್ನು ಮುಂಚಿತವಾಗಿಯೇ ಕೆಳಕ್ಕೆ ಒತ್ತುತ್ತದೆ. ಹಿಂದಿನ ಮತ್ತು ಮುಂದಿನ ಗುರಿಮೊನೆಗಳ ನಡುವೆ 15 ಸೆಂ.ಮೀ. ಇದೆಯೆಂದುಕೊಂಡರೆ, ಮುಂದಿನದು ಒಂದೇ ಮಿಲಿಮೀಟರ್ ತಗ್ಗಿದರೂ 15 ಮೀಟರ್ ದೂರದಲ್ಲಿ ಗುಂಡು 10 ಸೆಂ.ಮೀ. ಕೆಳಗೆ ಬೀಳುತ್ತದೆ.

1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಯನ್ನು ಮುತ್ತಿದಾಗ, ಕ್ರಿಸ್ಟೊವಾವ್ ಡಿ ಫಿಗೇರೆದೊನ ಪೋರ್ಚುಗೀಸ್ ಬಂದೂಕುಧಾರಿಗಳು ಗೋಡೆಯ ಮೇಲಿದ್ದವರನ್ನು ಗುರಿಯಿಟ್ಟು ಹೊಡೆದದ್ದನ್ನು ಪೋರ್ಚುಗೀಸ್ ಬರಹಗಾರ ನೂನಿಜ್ ವರ್ಣಿಸಿದ್ದಾನೆ. ಬತ್ತಿಯಿಂದ ಹೊತ್ತಿಸುವ ಅಂದಿನ ಬಂದೂಕಿನಲ್ಲಿ ಕಿವಿಮದ್ದಿಗೆ (ಒಳಗಿನ ಮದ್ದನ್ನು ಹೊತ್ತಿಸಲು ಹೊರಗಿಡುವ ಚಿಟಿಕೆ ಮದ್ದಿಗೆ) ಕಿಡಿ ತಾಗಿದ ಮೇಲೂ ಗುಂಡು ಹೊರಡಲು ಒಂದಿಷ್ಟು ಹೊತ್ತು ಹಿಡಿಯುತ್ತಿತ್ತು. ಆ ಹೊತ್ತಿನಲ್ಲೂ ಅಲುಗದೆ ನಿಲ್ಲಬಲ್ಲವನ ಗುಂಡು ಮಾತ್ರ ಗುರಿ ಮುಟ್ಟುತ್ತಿತ್ತು.

ಹೀಗೆ ಅಲುಗದೆ ನಿಲ್ಲುವುದನ್ನು ಕಲಿಯುವ ಅಭ್ಯಾಸಕ್ಕೆ ತೋಟಾಗಳ ಕೊರತೆ ಅಡ್ಡಿಯಲ್ಲ. ಹಳೆಯ ರಿವಾಲ್ವರನ್ನು ಮೊದಲು ಬಲ್ಲ ಬಂದೂಕು ಕುಶಲಕರ್ಮಿಯಿಂದ ಪರೀಕ್ಷೆ ಮಾಡಿಸಬೇಕು; .455 ಸಿಗಲಿಲ್ಲವೆಂದು .45 ಆಟೊಮ್ಯಾಟಿಕ್ ತೋಟಾ ಹಾಕಲೇಬಾರದು, ಅದರ ಒತ್ತಡ ಈ ಹಳೆಯ ಲೋಹಕ್ಕೆ ಮೀರಿದ್ದು. ಅನಂತರ, ಪರವಾನಗಿ ಇರುವ ಶೂಟಿಂಗ್ ರೇಂಜಿನಲ್ಲಿ, ತರಬೇತುದಾರರು ರಿವಾಲ್ವರಿನಲ್ಲಿ ತೋಟಾ ಕೂರುವ ಆರು ಮನೆಗಳ ಪೈಕಿ ಒಂದರಲ್ಲಿ ಮಾತ್ರ ನಿಜವಾದ ತೋಟಾ, ಉಳಿದವುಗಳಲ್ಲಿ ಮದ್ದಿಲ್ಲದ ಹುಸಿ ತೋಟಾ ತುಂಬಿ, ಯಾವುದು ಎಲ್ಲಿದೆಯೆಂದು ಹೇಳದೆ ಕೊಡುತ್ತಾರೆ. ಪ್ರತಿ ಮನೆಯಲ್ಲೂ ನಿಜವಾದ ತೋಟಾ ಇದೆಯೆಂದೇ ಭಾವಿಸಿ, ಮೂತಿಯನ್ನು ಗುರಿಹಲಗೆಯತ್ತಲೇ ಹಿಡಿದಿರಬೇಕು. ಕುದುರೆ (ಟ್ರಿಗರ್) ಎಳೆದಾಗ ಬರೀ ಟಕ್ ಎಂದರೆ ಮುಚ್ಚಿಡಲು ಏನೂ ಉಳಿಯುವುದಿಲ್ಲ: ಸದ್ದೂ ಇಲ್ಲ, ಒದೆತವೂ ಇಲ್ಲ, ಆದರೂ ಮೂತಿ ತಗ್ಗುವುದು ಕಣ್ಣಿಗೆ ಕಾಣುತ್ತದೆ. ಖಾಲಿ ಕೊಡ ಮತ್ತೆ ಮತ್ತೆ ಮೇಲೇರಿದರೆ ತೋಳು ತನ್ನ ಊಹೆಯನ್ನು ತಿದ್ದಿಕೊಳ್ಳುವಂತೆ, ಮಣಿಕಟ್ಟೂ ತಿದ್ದಿಕೊಳ್ಳುತ್ತದೆ.

ನನ್ನ ಪರಿಚಿತರು ಮೊದಲ ದಿನ 30 ಬಾರಿ ಕುದುರೆ ಎಳೆದರು. ಖರ್ಚಾದದ್ದು 5 ತೋಟಾ. ಕೊನೆಯ ಸುತ್ತಿನ ಐದೂ ಹುಸಿ ತೋಟಾಗಳಿಗೆ ಮೂತಿ ಅಲುಗಲಿಲ್ಲ, ಆ ಸುತ್ತಿನ ಒಂದೇ ಗುಂಡು ಹಲಗೆಯ ಕರಿಯ ವೃತ್ತದೊಳಗೆ ಬಿದ್ದಿತ್ತು.