ಇಂಜಿನ್ ಹೊಸದಾಯ್ತು, ಗೇರ್ ಯಾಕೆ ಬೀಳ್ತಿಲ್ಲ?

ಹೋದ ಫೆಬ್ರವರೀಲಿ ಸಕಲೇಶಪುರ ಕಡೆ ತೋಟದ್ದೊಂದು ಹಳೇ ಟಾಟಾ 407 ನಮ್ಮ ಶೆಡ್ಡಿಗೆ ಬಂತು. ರೊಬಸ್ಟಾ ಕುಯ್ಲಿನ ಟೈಮು, ಗಾಡಿ ನಿಂತ್ರೆ ಮೂಟೆ ಎಲ್ಲಾ ಕಣದಲ್ಲೇ. ಇಂಜಿನ್ ಸೀಜ್ ಆಗಿತ್ತಂತೆ, ಬೇರೆ ಕಡೆ ಸೆಕೆಂಡ್ ಹ್ಯಾಂಡ್ ಇಂಜಿನ್ ಕೂರಿಸಿಕೊಂಡು ಬಂದಿದ್ರು. ಸ್ಟಾರ್ಟ್ ಮಾಡಿದ್ರೆ ಸೌಂಡು ಚೆನ್ನಾಗೇ ಇತ್ತು, ಆದ್ರೆ ಕ್ಲಚ್ ಪೂರ್ತಿ ತುಳಿದು ಫಸ್ಟಿಗೆ ಹಾಕಿದ್ರೂ ಕರ್ರ್ ಅಂತ ಕಡಿಯೋದು, ರಿವರ್ಸ್ ಕಥೆ ಕೇಳಲೇಬೇಡಿ. "ಗೇರ್‌ಬಾಕ್ಸೂ ಹೋಗೈತೆ ಕಣಣ್ಣ, ಅದನ್ನೂ ಬದಲಾಯ್ಸಿಬುಡು" ಅಂದ ಡ್ರೈವರ್. ಅಷ್ಟೊತ್ತಿಗೆ ಓನರು ಹೊಸ ಕ್ಲಚ್ ಸೆಟ್ಟಿಗೂ ದುಡ್ಡು ಸುರಿದಾಗಿತ್ತು.

ನಾನು ಇಂಜಿನ್ ಆಫ್ ಮಾಡಿ ಗೇರ್ ಹಾಕಿ ನೋಡಿದೆ, ಎಲ್ಲಾ ಗೇರೂ ಸಲೀಸಾಗಿ ಬಿತ್ತು. ಅಂದ್ರೆ ಗೇರ್‌ಬಾಕ್ಸಿಗೆ ಏನೂ ಆಗಿಲ್ಲ, ಕ್ಲಚ್ ತುಳಿದ ಮೇಲೂ ಅದರ ಶಾಫ್ಟ್ ತಿರುಗ್ತಾನೇ ಇದೆ. ಕ್ಲಚ್ ಪ್ಲೇಟ್ ಬಿಡ್ತಿಲ್ವಾ ಅಂತ ನೋಡಿದ್ವಿ, ಬಿಡ್ತಿತ್ತು. ಗೇರ್‌ಬಾಕ್ಸ್ ಇಳಿಸಿದಾಗ ಶಾಫ್ಟಿನ ಮೂತಿ ಸುಟ್ಟು ನೀಲಿಯಾಗಿತ್ತು, ಸುತ್ತ ಕುಂಕುಮದಂಥ ತುಕ್ಕಿನ ಪುಡಿ.

ಇಂಜಿನ್ ಒಳಗೆ ತಿರುಗೋ ದಂಡ ಕ್ರ್ಯಾಂಕು. ಅದರ ಹಿಂದಿನ ತುದೀಲಿ, ಫ್ಲೈವೀಲ್ ಅನ್ನೋ ಭಾರದ ಚಕ್ರದ ನಡುಮಧ್ಯೆ, ಒಂದು ಪುಟ್ಟ ಪೈಲಟ್ ಬೇರಿಂಗ್ ಇರುತ್ತೆ, ಕೆಲವು ಗಾಡೀಲಿ ಬುಷ್, ಅಂದ್ರೆ ಬರೀ ಲೋಹದ ಬಳೆ. ಗೇರ್‌ಬಾಕ್ಸ್ ಶಾಫ್ಟಿನ ಮೂತಿ ಅದರೊಳಗೆ ಕೂರೋದು. ಕ್ಲಚ್ ತುಳಿದಾಗ ಕ್ರ್ಯಾಂಕ್ ತಿರುಗ್ತಿರುತ್ತೆ, ಶಾಫ್ಟ್ ನಿಲ್ಲಬೇಕು, ಆವಾಗಲೇ ಈ ಬೇರಿಂಗಿಗೆ ಕೆಲಸ. ಅದು ಹಿಡಿದುಕೊಂಡ್ರೆ ಕ್ರ್ಯಾಂಕು ಶಾಫ್ಟನ್ನೂ ಎಳಕೊಂಡು ತಿರುಗುತ್ತೆ, ನೀವು ಕ್ಲಚ್ ಎಷ್ಟು ಅಡ್ಜಸ್ಟ್ ಮಾಡಿದ್ರೂ ಅಷ್ಟೇ. ಈ ಇಂಜಿನ್ ಎಲ್ಲೋ ಗುಜರೀಲಿ ಒಂದು ಮಳೆಗಾಲ ನೆನೆದಿತ್ತು ಅನ್ಸುತ್ತೆ, ನಮ್ಮ ಮಲೆನಾಡಿನ ಮಳೆ ಗೊತ್ತಲ್ಲ, ಇಂಜಿನ್ ಬಿಚ್ಚಿ ಸಿಲಿಂಡರ್ ಬೋರ್ ನೋಡಿದವರು ಇದರ ಮೇಲೆ ಕೈಯೂ ಇಟ್ಟಿರಲಿಲ್ಲ.

ತೆಗೆಯೋಕೆ ಪುಲ್ಲರ್ ಇಲ್ಲಾಂದ್ರೆ ಚಿಂತೆ ಬೇಡ. ಬೇರಿಂಗ್ ಹಿಂದಿನ ತೂತಿನ ತುಂಬ ಗ್ರೀಸ್ ಒತ್ತಿ, ಒಳ ತೂತಿಗೆ ಟೈಟಾಗಿ ಕೂರೋ ರಾಡ್ ಇಟ್ಟು ಸುತ್ತಿಗೇಲಿ ಹೊಡೀರಿ, ಒಳಗಿನ ಗ್ರೀಸಿಗೆ ಹೋಗೋಕೆ ಜಾಗ ಇರಲ್ಲ, ಬೇರಿಂಗನ್ನೇ ಆಚೆ ತಳ್ಳುತ್ತೆ. ಪಕ್ಕದಿಂದ ಗ್ರೀಸ್ ಸೋರ್ತಿದ್ರೆ ಒದ್ದೆ ಪೇಪರ್ ತುರುಕಿ. ನಮ್ಮ ಹುಡುಗ ಸ್ನಾನದ ಸೋಪಲ್ಲೂ ತೆಗೆದಿದ್ದಾನೆ.

ಇಂಜಿನ್ ಕೆಳಗಿದ್ದಾಗಲೇ ಫ್ಲೈವೀಲನ್ನೂ ನೋಡಿಬಿಡಿ. ನೀಲಿ ಕಲೆ, ಕೂದಲೆಳೆ ಬಿರುಕು ಇದ್ರೆ ಲೇತಿಗೆ ಕೊಡಿ, ಬಿರುಕು ಆಳವಾಗಿದ್ರೆ ಎಸೀರಿ. ಕ್ಲಚ್ ಪ್ಲೇಟನ್ನ ಫ್ಲೈವೀಲಿಗೆ ಒತ್ತಿ ಹಿಡಿಯೋ ಪ್ರೆಷರ್ ಪ್ಲೇಟ್ ಕೂರೋ ಅಂಚು ಮೆಟ್ಟಿಲ ಥರ ಎತ್ತರ ಇದ್ರೆ ಅಲ್ಲೂ ಅಷ್ಟೇ ಮಟ್ಟ ಕೆರೆಸಬೇಕು, ಇಲ್ಲಾಂದ್ರೆ ಪ್ಲೇಟ್ ಮೇಲೆ ಒತ್ತಡ ಸಾಲದೆ ಲೋಡಲ್ಲಿ ಜಾರುತ್ತೆ. ಫ್ಲೈವೀಲ್ ಸುತ್ತಲಿನ ರಿಂಗ್ ಗೇರಿನ ಹಲ್ಲು ನಿಮ್ಮ ಸ್ಟಾರ್ಟರಿಗೆ ಹೊಂದುತ್ತಾ ಅಂತ ಎಣಿಸಿ ನೋಡಿ. ಇಂಜಿನ್ ಬೇರೆ ಮಾಡೆಲ್‌ದಾದ್ರೆ, ಟರ್ಬೋ ಹಾಕಿಸ್ತೀನಿ ಅಂತ ಬರ್ತಾರಲ್ಲ ಅಂಥವರಿಗೆ, ಕ್ಲಚ್ ಪ್ಲೇಟ್ ಅಗಲ ಫ್ಲೈವೀಲ್ ನೋಡಿ ತಗೋಬೇಕು, ಒಳಗಿನ ಹಲ್ಲು ಗೇರ್‌ಬಾಕ್ಸ್ ಶಾಫ್ಟ್ ನೋಡಿ. ಅದಕ್ಕೇ ಅಂಗಡಿಗೆ ಹೋಗೋವಾಗ ಹಳೇ ಪ್ಲೇಟ್ ಕೈಲಿರಲಿ.

ಕೂರಿಸೋವಾಗ ನಡೆಯೋ ಎಡವಟ್ಟೇ ಜಾಸ್ತಿ. ಗೇರ್‌ಬಾಕ್ಸ್ ಶಾಫ್ಟಿನಂಥದ್ದೇ ಒಂದು ಡಮ್ಮಿ ಶಾಫ್ಟ್ ಹಾಕಿ ಪ್ಲೇಟನ್ನ ಸೆಂಟರಿಗೆ ತಂದು, ಆಮೇಲೆ ಪ್ರೆಷರ್ ಪ್ಲೇಟ್ ಬೋಲ್ಟ್‌ಗಳನ್ನ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಟೈಟ್ ಮಾಡಿ. ಎರಡು ಉದ್ದ ಬೋಲ್ಟಿನ ತಲೆ ಕತ್ತರಿಸಿ ಇಂಜಿನ್ನಿಗೆ ಹಾಕಿಕೊಂಡ್ರೆ ಗೇರ್‌ಬಾಕ್ಸ್ ಅದರ ಮೇಲೆ ನೆಟ್ಟಗೆ ಜಾರುತ್ತೆ. ಶಾಫ್ಟಿನ ಹಲ್ಲು ಪ್ಲೇಟಿನೊಳಗೆ ಕೂರದಿದ್ರೆ ಗೇರಿಗೆ ಹಾಕಿ ಹಿಂದಿನ ಫ್ಲೇಂಜ್ ಕೈಯಲ್ಲಿ ತಿರುಗಿಸಿ. ಜಾಕಿ ಮೇಲೆ ಭಾರ ಇರಬೇಕು, ಪ್ಲೇಟ್ ಮೇಲೆ ಗೇರ್‌ಬಾಕ್ಸ್ ನೇತಾಡಬಾರದು, ನೇತಾಡಿದ್ರೆ ನಡುವಿನ ಹಬ್ ಬಾಗುತ್ತೆ. ಕೊನೆಗೊಂದು ಬೆರಳಗಲ ಸಂದಿ ಉಳಿಯುತ್ತಲ್ಲ, ಅದನ್ನ ಬೋಲ್ಟ್ ಟೈಟ್ ಮಾಡಿ ಎಳೆಯೋದು ಎಲ್ಲರಿಗೂ ಇರೋ ಚಟ. ಬೇಡ್ರೀ. ಏನೋ ಅಡ್ಡ ಬಂದಿದೆ ಅಂತಲೇ ಅರ್ಥ, ಹಿಂದಕ್ಕೆಳೆದು ನೋಡಿ. ಹಂಗೆ ಎಳೆದು ಹೌಸಿಂಗ್, ಅಂದ್ರೆ ಕ್ಲಚ್ ಮುಚ್ಚೋ ಚಿಪ್ಪು, ಅದರ ಕಿವಿ ಮುರಿದು ಹಾಕಿದ್ದನ್ನ ವೆಲ್ಡ್ ಮಾಡಿಸೋಕೆ ನನ್ನತ್ರ ತಂದಿದ್ದಾರೆ.

ಇಂಜಿನ್ನಿಗೂ ಹೌಸಿಂಗಿಗೂ ನಡುವೆ ಕೂರೋ ಡೋವೆಲ್ ಪಿನ್ ಕಳೆದುಹೋದ್ರೆ ಬೋಲ್ಟ್ ಇದೆಯಲ್ಲ ಸಾಕು ಅಂತಾರೆ. ಬೋಲ್ಟ್ ಹಿಡಿಯುತ್ತೆ ಅಷ್ಟೇ, ಹೌಸಿಂಗನ್ನ ಸೆಂಟರಲ್ಲಿ ಇಡೋದು ಪಿನ್ನು. ನಾನು ಸಣ್ಣ ಓರೆಯನ್ನೂ ಅಳೆಯೋ ಡಯಲ್ ಗೇಜ್ ಇಟ್ಟು ನೋಡ್ತೀನಿ, ಸೆಂಟರ್ ತಪ್ಪಿರೋದು 0.2 ಮಿ.ಮೀ. ದಾಟಿದ್ರೆ ಒಪ್ಪಲ್ಲ. ಹೌಸಿಂಗ್ ಓರೆ ಇದ್ರೆ ಬೇರಿಂಗ್ ಬೇಗ ಹೋಗುತ್ತೆ, ಜೊತೆಗೆ ಗೇರ್ ತಾನಾಗೇ ಹಾರಿ ನ್ಯೂಟ್ರಲಿಗೆ ಬರುತ್ತೆ. ಹಾಸನದ ಬಿ.ಎಂ. ರೋಡಲ್ಲಿ ಹಾರಿದ್ರೆ ಬೈಕೊಂಡು ಮತ್ತೆ ಹಾಕ್ಕೋಬಹುದು, ಮಾರನಹಳ್ಳಿ ದಾಟಿ ಶಿರಾಡಿ ಘಾಟಿ ಇಳೀತಾ ಲೋಡ್ ಗಾಡಿ ಇಂಜಿನ್ ಹಿಡಿತದ ಮೇಲೆ ನಿಂತಿರೋವಾಗ ಹಾರಿದ್ರೆ ಬರೀ ಬ್ರೇಕ್ ಮೇಲೆ ಇಳಿಸಬೇಕು, ಬ್ರೇಕ್ ಕಾದ್ಮೇಲೆ ಅದೂ ಇಲ್ಲ.

ಆ 407ಕ್ಕೆ ಬೇರಿಂಗ್ ಹಾಕಿ, ಶಾಫ್ಟಿನ ಮೂತಿ ಅಳೆದು ಸವೆದಿಲ್ಲ ಅಂತ ನೋಡಿ ಪಾಲಿಶ್ ಮಾಡಿ ಕೂರಿಸಿದ್ವಿ. ಸಂಜೆಗೆ ಗೇರು ಎರಡು ಬೆರಳಲ್ಲಿ ಬೀಳ್ತಿತ್ತು. ಡ್ರೈವರ್ ಮೂರು ಸಲ ರಿವರ್ಸ್ ಹಾಕಿ ನೋಡಿದ, ನಂಬಿಕೆ ಬರಲಿಲ್ಲ ಅಂತ ನಾಲ್ಕನೇ ಸಲವೂ. ಓನರಿಗೆ ಒಂದೇ ಮಾತು ಹೇಳಿದೆ, ಇಂಜಿನ್ ತಗೊಂಡ ಬಿಲ್ ಇಟ್ಕೊಂಡು ಆರ್‌ಟಿಒ ಆಫೀಸಲ್ಲಿ ಆರ್‌ಸಿಗೆ ಹೊಸ ಇಂಜಿನ್ ನಂಬರ್ ಹತ್ತಿಸಿ, ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟಿಗೆ) ಹೋದಾಗ ನಂಬರ್ ತಾಳೆ ಆಗದಿದ್ರೆ ಗಾಡಿ ಅಲ್ಲೇ ನಿಲ್ಲುತ್ತೆ ಅಂತ. "ಬಿಲ್ಲಾ?" ಅಂದ್ರು ಗೌಡ್ರು, ಡ್ರೈವರ್ ಮುಖ ನೋಡಿದ್ರು, ಅವನು ಟೈರ್ ನೋಡ್ತಾ ನಿಂತಿದ್ದ.